ಕತೆಯ ಕೊನೆಯ ಸಾಲು

ಕತೆಯನ್ನು ಆರಂಭಿಸುವುದು ಸುಲಭ. ಒಂದಾನೊಂದು ಊರಿನಲ್ಲಿ ಎಂದರೆ ಸಾಕು, ಊರು ತಾನಾಗಿ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಮುಗಿಸುವುದೇ ಕಷ್ಟ. ಧಾರಾವಾಹಿ ಬರೆಯುವವರಾದರೆ ವಾರವಾರವೂ ‘ಮುಂದುವರಿಯುವುದು’ ಎಂದು ಬರೆದು ಏಳು ದಿನಗಳ ವಾಯಿದೆ ಪಡೆಯಬಹುದು. 100 ಶಬ್ದಗಳ ಹನಿಗತೆಗೆ ಆ ಭಾಗ್ಯವಿಲ್ಲ. ವಾಚಕರು ಕುಳಿತಲ್ಲಿಂದ ಏಳುವುದರೊಳಗೆ ಲೆಕ್ಕ ತೀರಬೇಕು.

ಅನೇಕರು ಈ ಲೆಕ್ಕವನ್ನು ಚಮತ್ಕಾರದಿಂದ ತೀರಿಸುತ್ತಾರೆ. ಅಮೆರಿಕದ ಓ. ಹೆನ್ರಿ (1862–1910) ಇದರಲ್ಲಿ ಸಿದ್ಧಹಸ್ತನಾಗಿದ್ದ. ಆದರೆ ಬರಿಯ ಚಮತ್ಕಾರ ಒಗಟಿನಂತೆ. ಬಿಡಿಸಿದ ಮೇಲೆ ಮತ್ತೆ ಕೇಳುವವರಿಲ್ಲ. ಮಾಸ್ತಿಯವರ ‘ರಂಗನ ಮದುವೆ’ಯನ್ನು ನೋಡಿ. ಶಾಸ್ತ್ರಿಗಳಿಗೆ ಹೇಳಿಕೊಟ್ಟು ನುಡಿಸಿದ ಭವಿಷ್ಯದ ಗುಟ್ಟು ನಮಗೆ ಮುಂಚೆಯೇ ಗೊತ್ತು. ಆದರೂ ಕೊನೆಯಲ್ಲಿ, ರಂಗನ ಮಗುವಿಗೆ ಆ ಮದುವೆಯ ಸೂತ್ರಧಾರನಾದ ಶ್ಯಾಮನ ಹೆಸರನ್ನೇ ಇಟ್ಟಿರುವುದು ತಿಳಿದಾಗ ಮನಸ್ಸು ತುಂಬುತ್ತದೆ.

ಈ ತೃಪ್ತಿಯ ಮರ್ಮವನ್ನರಿಯಲು ನಮ್ಮ ವಿಜಯಪುರದವರು ದೂರ ಹೋಗಬೇಕಾಗಿಲ್ಲ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಇದೆ. ತ್ರಿಪದಿಗೆ ಇರುವುದು ಮೂರೇ ಸಾಲು. ಅಷ್ಟರಲ್ಲಿಯೇ ತವರು, ತೊಟ್ಟಿಲು, ಅಣ್ಣ ಬರುವ ದಾರಿ ಎಲ್ಲವೂ ಅಡಗುತ್ತವೆ. ಬೀಸುಕಲ್ಲಿನ ಮುಂದೆ ಕುಳಿತು ಹಾಡುವ ತಾಯಿ ಎರಡನೆಯ ಸಾಲಿನ ಮಾತನ್ನು ಮತ್ತೊಮ್ಮೆ ತಿರುವಿ, ಆಮೇಲೆ ಮೂರನೆಯದನ್ನು ಎತ್ತಿಕೊಳ್ಳುತ್ತಾಳೆ. ಒಳ್ಳೆಯ ಕೊನೆಯೂ ಹೀಗೆಯೇ ಹಿಂದಿನ ಸಾಲಿನ ಬಸಿರಿನಿಂದ ಹುಟ್ಟಬೇಕು.

ಹುಟ್ಟಿದ ಮೇಲೆ ಅದನ್ನು ಹಿಗ್ಗಿಸದಿರುವುದನ್ನು ತಿಕೋಟಾದ ದ್ರಾಕ್ಷಿ ಬೆಳೆಗಾರರಿಂದ ಕಲಿಯಬಹುದು. ಸುಮಾರು 4 ಕಿಲೊ ಹಣ್ಣು ನೆರಳಿನ ಶೆಡ್ಡಿನಲ್ಲಿ ಒಣಗಿ 1 ಕಿಲೊ ಒಣದ್ರಾಕ್ಷಿಯಾಗುತ್ತದೆ. ನೀರು ಹೋಗುತ್ತದೆ, ಸಿಹಿ ಉಳಿಯುತ್ತದೆ. ಕತೆ ಮುಗಿದ ಬಳಿಕ ಲೇಖಕರು ಸೇರಿಸುವ ನೀತಿವಾಕ್ಯ ಬಹುಮಟ್ಟಿಗೆ ನೀರೇ.

ಇನ್ನೊಂದು ಮಾತು. ವಿದ್ಯಾರ್ಥಿಗಳು ನನಗೆ ತಂದುಕೊಡುವ ಹನಿಗತೆಗಳಲ್ಲಿ ಹೆಚ್ಚಿನವು ಸಾವಿನಲ್ಲಿ ಮುಗಿಯುತ್ತವೆ. ಬಬಲೇಶ್ವರದ ಕಡೆಯ ಹುಡುಗನೊಬ್ಬನ ಕತೆಯಲ್ಲಿ, ಮಳೆಯ ದಾರಿ ನೋಡಿ ಸೋತ ರೈತ ಕೊನೆಯ ಸಾಲಿನಲ್ಲಿ ಪ್ರಾಣ ಬಿಟ್ಟಿದ್ದ.

“ಇಂವನ್ನ ಯಾಕ ಸಾಯಿಸಿದೆಪಾ?” ಎಂದೆ.

“ಸಾಯಿಸದಿದ್ರ ಕತಿ ಹ್ಯಾಂಗ ಮುಗೀತೈತ್ರಿ, ಸರ್?”

ನಕ್ಕು ಬಿಡುವ ಪ್ರಶ್ನೆಯಲ್ಲ ಅದು. ಬರವನ್ನು ಕಣ್ಣಾರೆ ಕಂಡ ಸೀಮೆ ನಮ್ಮದು. ಇಲ್ಲಿ ರೈತನ ಸಾವು ಲೇಖಕನ ಕೈಗೆ ಅಗ್ಗವಾಗಿ ಸಿಕ್ಕುವ ಪೂರ್ಣವಿರಾಮವಾಗಬಾರದು. ಹೋದವನ ಮನೆಯವರು ಮತ್ತೆ ಒಲೆ ಹೊತ್ತಿಸಲೇಬೇಕು, ಸಾಲ ಕೊಟ್ಟವರಿಗೆ ಉತ್ತರ ಹೇಳಲೇಬೇಕು. ಆ ಸಾವಿನಿಂದ ಕತೆಗಾರನ ಕಷ್ಟ ಮುಗಿಯುತ್ತದೆ. ಆ ಮನೆಯ ಕಷ್ಟ ಆಗ ಮೊದಲಾಗುತ್ತದೆ. ಇಷ್ಟನ್ನೇ ಹುಡುಗನಿಗೆ ಹೇಳಿ ಕಳುಹಿಸಿದೆ.

ವಾರದ ಮೇಲೆ ಅವನು ಕತೆಯನ್ನು ತಿದ್ದಿ ತಂದ. ಈಗ ರೈತ ಬರಿಗೈಯಲ್ಲಿ ಹೊಲದಿಂದ ಮರಳುತ್ತಾನೆ. ಆಕಾಶದಲ್ಲಿ ಒಂದು ಮೋಡವೂ ಇಲ್ಲ. ಆದರೂ ಮಗಳು ಮಾಳಿಗೆಯ ನೀರು ಬೀಳುವಲ್ಲಿ ಕೊಡವನ್ನಿಟ್ಟು ಕುಳಿತಿದ್ದಾಳೆ. ಓರೆಯಾಗಿದ್ದ ಆ ಕೊಡವನ್ನು ಅವನು ನೆಟ್ಟಗೆ ಮಾಡಿಟ್ಟು ಒಳಗೆ ಹೋಗುತ್ತಾನೆ.

ಮಳೆ ಬಂತೇ ಎಂಬುದನ್ನು ಹುಡುಗ ಬರೆದಿರಲಿಲ್ಲ. ನಾನೂ ಕೇಳಲಿಲ್ಲ.