ಸುತ್ತುವ ಚುಕ್ಕಿಗಳು

40 ಸೆಕೆಂಡಿನಲ್ಲಿ ಏಳುತ್ತಿದ್ದ ಲ್ಯಾಪ್‌ಟಾಪ್ ಮೊನ್ನೆ ಇದ್ದಕ್ಕಿದ್ದಂತೆ 11 ನಿಮಿಷ ಚುಕ್ಕಿ ಸುತ್ತಿಸಿತು. ವೈರಸ್ ಸ್ಕ್ಯಾನ್ ಮಾಡಿದೆ, ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಸ್ಟಾರ್ಟಪ್ ಪ್ರೋಗ್ರಾಮ್‌ಗಳನ್ನೆಲ್ಲ ನಿಲ್ಲಿಸಿದೆ. ಊಹೂಂ. ಬೈಯುತ್ತಾ ಎರಡು ದಿನ ರೀಸ್ಟಾರ್ಟ್ ಮಾಡಿದ್ದೇ ಮಾಡಿದ್ದು.

ಹಾಸ್ಟೆಲಿನ ಗೆಳೆಯ ಡಿಸ್ಕಿನ ಸ್ಮಾರ್ಟ್ ವರದಿ ತೆರೆದು, 'ಹಾರ್ಡ್‌ಡಿಸ್ಕ್ ಹೋಗ್ತಾ ಇದೆ ಕಣೋ, ಇನ್ನು ಆಫ್ ಮಾಡ್ಬೇಡ' ಎಂದ. ಓದಲಾಗದ ಸೆಕ್ಟರ್ ಎದುರಾದರೆ ಡಿಸ್ಕ್ ಅಲ್ಲೇ ನಿಂತು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಾನು ಸೋಮಾರಿತನವೆಂದು ಬೈದದ್ದು ಅದನ್ನು.

ಥೀಸಿಸ್ಸಿನ ಅಧ್ಯಾಯಗಳನ್ನು ನನಗೇ ಮೇಲ್ ಮಾಡಿಟ್ಟುಕೊಂಡಿದ್ದೆ. ಕ್ಷೇತ್ರಕಾರ್ಯದ ಬೀಸುವ ಪದಗಳ ಧ್ವನಿಮುದ್ರಣ ಮಾತ್ರ ಅಲ್ಲೇ ಇತ್ತು. ಹಾಡಿದ ಅಜ್ಜಿ ಹೋದ ವರ್ಷ ತೀರಿಕೊಂಡರು.

ರಾತ್ರಿಯಿಡೀ ಕೂತು ನಕಲು ಮಾಡಿದೆವು. 27 ಫೈಲುಗಳಲ್ಲಿ 24 ಬಂದವು. ಬಾರದ ಮೂರರಲ್ಲಿ ಒಂದರ ಸಾಲುಗಳು ನೋಟ್‌ಬುಕ್ಕಿನಲ್ಲಿವೆ. ಧಾಟಿ ಇಲ್ಲ.