ಹೂಂ ಅನ್ನಾಕ ಯಾವ ನಂಬರು?

ನಮ್ಮ ಕಡೆ ಪ್ರಶ್ನೆ ಕೇಳಿದವರಿಗೆ ಬರೀ ಉತ್ತರ ಕೊಟ್ಟು ಕಳಿಸುವ ರೂಢಿ ಇಲ್ಲ. ಗದಗಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಮುಂಡರಗಿ ಬಸ್ ಹೋತೇನ್ರಿ?’ ಎಂದು ಕೇಳಿ ನೋಡಿ. ಹೋಯಿತೋ ಇಲ್ಲವೋ ಎಂಬುದು ಕಟ್ಟಕಡೆಗೆ ತಿಳಿಯುವ ಸಂಗತಿ. ಅದಕ್ಕೂ ಮೊದಲು ನೀವು ಯಾರ ಪೈಕಿ, ಮುಂಡರಗಿಯಲ್ಲಿ ಯಾರ ಮನೆ, ಹೊರಟಿರುವುದು ಮದುವೆಗೋ ಮಣ್ಣಿಗೋ ಎಂಬುದೆಲ್ಲ ಇತ್ಯರ್ಥವಾಗಬೇಕು. ಅಷ್ಟರಲ್ಲಿ ಬಸ್ಸೊಂದು ಬಂದು ಹೊರಟಿರುತ್ತದೆ. ‘ಅದs ನೋಡ್ರಿ, ಹೊಂಟತು’ ಎಂದು ಅಕ್ಕರೆಯಿಂದ ಕೈಮಾಡಿ ತೋರಿಸುತ್ತಾರೆ. ಇಂಥ ಸೀಮೆಗೆ ಫೋನಿನೊಳಗಿನ ಹೆಣ್ಣುಮಗಳು ಬಂದಳು. ಅವಳಿಗೆ ಬೇಕಾದದ್ದು ಒಂದು ಅಂಕಿ ಮಾತ್ರ. ಕಾಯುವುದು ಕೆಲವೇ ಸೆಕೆಂಡು.

ಶಿರಹಟ್ಟಿಯ ನಮ್ಮ ದೊಡ್ಡವ್ವನಿಗೂ ಅವಳಿಗೂ ಪರಿಚಯವಾದದ್ದು ಗ್ಯಾಸ್ ಬುಕಿಂಗಿನ ನೆಪದಲ್ಲಿ. ದೊಡ್ಡವ್ವ ಫೋನು ಹಚ್ಚುವ ಮೊದಲು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆ ಕಡೆಯಿಂದ ‘ನಮಸ್ಕಾರ’ ಬಂದ ಕೂಡಲೇ ಈ ಕಡೆಯಿಂದಲೂ ‘ನಮಸ್ಕಾರವ್ವಾ, ಆರಾಮದೀಯಿಲ್ಲ?’ ಎಂದು ಹೋಗುತ್ತಿತ್ತು. ಅದಕ್ಕೆ ಉತ್ತರವಿಲ್ಲದೆ ‘ಸಿಲಿಂಡರ್ ಕಾಯ್ದಿರಿಸಲು ಒಂದನ್ನು ಒತ್ತಿ’ ಎಂಬ ಮಾತು ಬರುತ್ತಿತ್ತು. ‘ಹೂನವ್ವಾ, ನಿನ್ನಿ ರಾತ್ರಿ ಸಾರು ಕುದಿಯೂದ್ರಾಗ ಫಕ್ಕನ ಆರಿಬಿಡ್ತು ನೋಡು’ ಎಂದು ಇವಳು ಕಥೆ ಶುರುಮಾಡಿದರೆ, ನಡುವೆಯೇ ಆಕೆ ‘ಕ್ಷಮಿಸಿ, ನೀವು ಯಾವುದೇ ಆಯ್ಕೆ ಮಾಡಿಲ್ಲ’ ಎನ್ನುವಳು. ದೊಡ್ಡವ್ವನಿಗೆ ಕರುಳು ಚುರ್ ಎನ್ನುತ್ತಿತ್ತು. ‘ಕ್ಷಮಾ ಯಾಕವ್ವಾ? ನೀ ಏನ್ ತಪ್ಪ ಮಾಡೀದಿ?’

ಒಮ್ಮೆ ನಾನು ಪಕ್ಕದಲ್ಲಿ ಕೂತು ತಿಳಿಹೇಳಿದೆ. ‘ದೊಡ್ಡವ್ವಾ, ಅದು ಮಷೀನು. ಅದರ ಕೂಡ ಮಾತಾಡಬ್ಯಾಡ, ನಂಬರ ಒತ್ತು ಸಾಕು.’

ಅವಳು ಸ್ವಲ್ಪ ಯೋಚಿಸಿದಳು. ‘ಹೂಂ ಅನ್ನಾಕ ಯಾವ ನಂಬರು?’

‘ಒಂದು.’

‘ಊಹೂಂ ಅನ್ನಾಕ?’

‘ಎರಡು.’

‘ನೋಡೋಣು ತಡಿ ಅನ್ನಾಕ?’

ಅದಕ್ಕೆ ನಂಬರು ಇರಲಿಲ್ಲ. ನಮ್ಮ ಕಡೆಯ ಮುಕ್ಕಾಲು ಪಾಲು ಉತ್ತರಗಳು ಅದೇ ಆಗಿರುವುದರಿಂದ, ಈ ವ್ಯವಸ್ಥೆ ಮಾಡಿದವರು ಒಂದು ಗುಂಡಿಯನ್ನು ಅದಕ್ಕಾಗಿ ಮೀಸಲಿಡಬಹುದಿತ್ತು ಎಂದು ನನಗೂ ಅನ್ನಿಸಿತು.

ಗುಂಡಿ ಎಂದೆ. ಗುಂಡಿಗಳಿದ್ದ ಹಳೆಯ ಫೋನಿನಲ್ಲಿ ದೊಡ್ಡವ್ವ ಒಂದಿಷ್ಟು ಪಳಗಿದ್ದಳು. ಹೆಬ್ಬೆರಳಿಗೆ ಐದರ ಮೇಲಿನ ಉಬ್ಬು ಸಿಕ್ಕರೆ ಉಳಿದ ಅಂಕಿಗಳ ಮನೆಗಳು ತಾವಾಗಿ ಸಿಗುತ್ತಿದ್ದವು. ಮಗ ಪುಣೆಯಿಂದ ಗಾಜಿನ ಫೋನು ತಂದುಕೊಟ್ಟ ಮೇಲೆ ಬಂತು ಪೇಚು. ಕಿವಿಗೆ ಹಿಡಿದರೆ ಪರದೆ ಕಪ್ಪಾಗುತ್ತದೆ. ಒತ್ತಲೆಂದು ಕೆಳಗಿಳಿಸಿದರೆ ಬೆಳಗುತ್ತದೆ, ಆದರೆ ಅಂಕಿಗಳು ಎಲ್ಲೋ ಒಳಗೆ ಅಡಗಿರುತ್ತವೆ. ಅವನ್ನು ಹೊರಗೆಳೆಯುವಷ್ಟರಲ್ಲಿ ಆಕೆ ಮತ್ತೇನನ್ನೋ ಕೇಳಿ ಮುಗಿಸಿರುತ್ತಾಳೆ. ‘ಕಿವೀಗೆ ಹಿಡದ್ರ ಒತ್ತಾಕ ಬರಂಗಿಲ್ಲ, ಒತ್ತಾಕ ಹೋದ್ರ ಕೇಳಂಗಿಲ್ಲ. ಇದನ್ನ ಮಾಡಿದವಗ ಕಿವಿ ಎಲ್ಲೈತಿ, ಬಳ್ಳು ಎಲ್ಲದಾವ?’ ಎಂದು ದೊಡ್ಡವ್ವ ಕೇಳಿದಳು. ಸ್ಪೀಕರ್ ಹಾಕುವುದನ್ನು ಕಲಿಸಿದೆವು. ಆಗ ಸಂಭಾಷಣೆ ಇಡೀ ಓಣಿಗೆ ಕೇಳತೊಡಗಿತು. ಎದುರುಮನೆಯವರು ಕಟ್ಟೆಯ ಮೇಲಿಂದಲೇ ‘ಒಂದು ಒತ್ತ ಬೇ ಯಮ್ಮಾ, ಒಂದು!’ ಎಂದು ಕೂಗಿ ಆಕೆಗೆ ನೆರವಾದರು.

ಕೊನೆಗೆ ಮಗನೇ ಪುಣೆಯಲ್ಲಿ ಕೂತು ಆ್ಯಪಿನಲ್ಲಿ ಬುಕ್ ಮಾಡತೊಡಗಿದ. ಈಗ ಸಿಲಿಂಡರು ಹೇಳದೆ ಕೇಳದೆ ಬಾಗಿಲಿಗೆ ಬರುತ್ತದೆ. ಹೋದ ಸಲ ಹೋದಾಗ ದೊಡ್ಡವ್ವ ಚಹಾ ಸೋಸುತ್ತ ಹೇಳಿದಳು: ‘ಆ ಹುಡುಗಿ ಧ್ವನಿ ಕೇಳಿ ಭಾಳ ದಿನಾ ಆತು ನೋಡು. ಮದಿವಿ ಮಾಡಿಕೊಂಡು ಎಲ್ಲಿಗ್ಯಾರ ಹ್ವಾದ್ಲೋ ಏನೋ.’

ಲಕ್ಷ್ಮೇಶ್ವರದ ಕಾಕಾನ ತಕರಾರು ಬೇರೆ ಜಾತಿಯದು. ಅವರು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿಗೆ ಎಲ್ಲೆ ಹಾಕುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಹೆಸರಿಸಿದ ಊರು. ಅಂಥ ಊರಿನಲ್ಲಿ, ಸೋಮೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ಕೂತ ಕಾಕಾಗೆ ದಿನಕ್ಕೊಬ್ಬಳು ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎನ್ನುವುದು ಸಹನೆಯ ಮಾತೇ? ‘ಸಾವಿರ ವರ್ಷದ ಹಿಂದನs ಒತ್ತೀವಿ, ಇನ್ನೂ ದಾಖಲ ಆಗಿಲ್ಲೇನು?’ ಎಂದು ಅವರು ಫೋನಿಗೇ ಕೇಳುತ್ತಾರೆ. ಒತ್ತುತ್ತಾರೆ ಕೂಡ, ಏಕೆಂದರೆ ಪಿಂಚಣಿ ಜಮೆಯಾಯಿತೇ ಎಂದು ತಿಳಿಯಬೇಕಲ್ಲ.

ಆಕೆ ಮೊತ್ತ ಹೇಳುವ ರೀತಿಯನ್ನು ಕಾಕಾ ಎಂದೂ ಒಪ್ಪಿಲ್ಲ. ಅಂಕಿಗಳನ್ನೆಲ್ಲ ಬಿಡಿಬಿಡಿಯಾಗಿ ಧ್ವನಿಮುದ್ರಿಸಿಟ್ಟು, ಬೇಕಾದಾಗ ಜೋಡಿಸಿ ಹೇಳಿಸುತ್ತಾರಾದ್ದರಿಂದ ಸಾವಿರಕ್ಕೊಂದು ರಾಗ, ನೂರಕ್ಕೊಂದು ರಾಗ. ಪ್ರತಿ ತುಣುಕೂ ಅಲ್ಲಿಗೆ ವಾಕ್ಯ ಮುಗಿಯಿತೆಂಬಂತೆ ಇಳಿಯುತ್ತದೆ. ‘ಒಂದೊಂದು ಅಂಕಿ ಒಂದೊಂದು ಊರಿಂದ ಬಂದು ಸಂತ್ಯಾಗ ಭೇಟಿ ಆದಂಗ ಐತಿ’ ಎನ್ನುತ್ತಾರೆ. ಆದರೂ ಆಕೆ ‘ಧನ್ಯವಾದಗಳು’ ಎನ್ನುವ ತನಕ ಕಾಕಾ ಕರೆ ಕತ್ತರಿಸುವುದಿಲ್ಲ. ಹೆಣ್ಣುಮಗಳು ಮಾತಾಡುವಾಗ ನಡುವೆ ಎದ್ದುಹೋಗುವ ಮನೆತನ ಅವರದಲ್ಲ.

ಹಾಗೆ ನೋಡಿದರೆ, ಕಾಣದ ದನಿ ಹೇಳುವುದು, ಇತ್ತ ಕೂತವನು ಬರೆದುಕೊಳ್ಳುವುದು ಗದಗಿಗೆ ಹೊಸ ಕಸುಬೇನಲ್ಲ. ಕೋಳಿವಾಡದ ಕುಮಾರವ್ಯಾಸ ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಭಾರತ ಬರೆದದ್ದು ಹಾಗೆಯೇ ಎಂಬುದು ನಮ್ಮವರ ನಂಬಿಕೆ. ಕವಿ ದೇವರು, ತಾನು ಬರೀ ಲಿಪಿಕಾರ ಎಂದು ಅವನೇ ಹೇಳಿಕೊಂಡಿದ್ದಾನೆ. ಕೋನೇರಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಕೂತರೆ, ಅದು ಆರುವ ತನಕ ಮಾತ್ರ ಪದ್ಯ ಹರಿದುಬರುತ್ತಿತ್ತಂತೆ. ಇಂದಿನ ಹುಡುಗರಿಗೆ ಇದನ್ನು ವಿವರಿಸುವುದು ಸುಲಭ: ಬಟ್ಟೆ ಆರಿದರೆ ಸೆಷನ್ ಟೈಮ್ ಔಟ್. ಮತ್ತೆ ಮುಳುಗು ಹಾಕಿ ಲಾಗಿನ್ ಆಗಬೇಕು. ಇಟ್ಟ ಪದವನ್ನು ಅಳಿಸದಿರುವುದೇ ತನ್ನ ಅಗ್ಗಳಿಕೆ ಎಂದೂ ಅವನು ಹೇಳಿಕೊಂಡ. ಗದಗಿನ ಚಳಿಗಾಲದ ಒಣಗಾಳಿಯಲ್ಲಿ ಬಟ್ಟೆ ಎಷ್ಟು ಬೇಗ ಆರುತ್ತದೆಂಬುದನ್ನು ಬಲ್ಲ ನನಗೆ ಅಷ್ಟೊಂದು ಷಟ್ಪದಿಗಳು ಹುಟ್ಟಿದ್ದೇ ಸೋಜಿಗ. ಬಹುಶಃ ಆಷಾಢದಲ್ಲಿ ಹೆಚ್ಚು ಕೆಲಸ ಸಾಗಿರಬೇಕು.

ದನಿಯನ್ನೇ ನಂಬಿ ಬದುಕುವುದನ್ನು ಊರಿಗೆ ಕಲಿಸಿದವರು ಇನ್ನೊಂದು ತುದಿಯಲ್ಲಿದ್ದರು. ಪಂಚಾಕ್ಷರ ಗವಾಯಿಗಳು ಕಟ್ಟಿದ, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರ ತನಕ ಪೊರೆದ ವೀರೇಶ್ವರ ಪುಣ್ಯಾಶ್ರಮದಲ್ಲಿ. ಗುರುಗಳಿಬ್ಬರಿಗೂ ಕಣ್ಣಿರಲಿಲ್ಲ. ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಕಿವಿಯಿಂದಲೇ ಸಂಗೀತ ಕಲಿತು ಹೊರಬಿದ್ದರು. ಅಲ್ಲಿ ಕಲಿತ ಗಾಯಕರೊಬ್ಬರು ನನಗೆ ಗೆಳೆಯರು. ಅವರ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಏರ್ಪಾಟಿದೆ. ಬೆರಳು ಎಲ್ಲಿ ತಾಗಿದೆಯೋ ಅದನ್ನು ಫೋನು ಓದಿ ಹೇಳುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ಆಯ್ಕೆಯಾಗುತ್ತದೆ. ಗುಪ್ತಸಂಖ್ಯೆ ಒತ್ತುವಾಗ ಪಕ್ಕದವರ ಕಿವಿಗೆ ಬೀಳದಿರಲೆಂದು ಅಂಕಿ ಹೇಳದೆ ಬರೀ ಚುಕ್ಕಿ, ಚುಕ್ಕಿ ಎನ್ನುವಷ್ಟು ಜಾಣತನ ಅದಕ್ಕಿದೆ. ಅವರು ಅದನ್ನು ಓಡಿಸುವ ವೇಗಕ್ಕೆ ನನಗೆ ಒಂದಕ್ಷರವೂ ತಿಳಿಯಲಿಲ್ಲ. ‘ಏನಂತ್ರೀ ಅದು?’ ಎಂದೆ. ಅವರು ನಕ್ಕರು. ‘ಇದು ದ್ರುತ್ ಲಯ ಐತ್ರಿ. ನೀವು ಕಣ್ಣಿದ್ದವರು ಇನ್ನೂ ವಿಲಂಬಿತದಾಗ ಅದೀರಿ.’ ದೊಡ್ಡವ್ವನ ಕಥೆ ಹೇಳಿದಾಗ ಮಾತ್ರ ಅವರು ನಗಲಿಲ್ಲ. ‘ನಾನೂ ಮೊದಮೊದಲು ಹೂಂ ಅಂತಿದ್ದೆ ಬಿಡ್ರಿ’ ಎಂದರು.

ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುತ್ತಿಲ್ಲ. ಅಕ್ಷರ ಬಾರದವರು ‘ಬರದದ್ದನ್ನ ಒಮ್ಮೆ ಓದಿ ಹೇಳ್ರಿ ಧಣಿ’ ಎಂದರೆ, ಬರೆದದ್ದೊಂದು, ಓದಿದ್ದೊಂದು ಮಾಡಿದ ಪುಣ್ಯಾತ್ಮರು ಈ ನಾಡಿನ ಕಡತಗಳಲ್ಲಿ ಬೇಕಾದಷ್ಟು ಇದ್ದರು. 2006ರ ಸುಮಾರಿಗೆ ತಪನ್ ಪಾರಿಖ್ ಎಂಬ ಸಂಶೋಧಕರು ತಮಿಳುನಾಡಿನ ಹಳ್ಳಿಗಳ ಸ್ವಸಹಾಯ ಸಂಘಗಳಿಗೆ ಒಂದು ಉಪಾಯ ಮಾಡಿದ್ದರು. ಲೆಕ್ಕದ ಕಾಗದದ ಮೇಲೆ ಗುರುತು, ಆ ಗುರುತನ್ನು ಫೋನಿನ ಕ್ಯಾಮೆರಾಕ್ಕೆ ತೋರಿಸಿದರೆ ಫೋನು ತಮಿಳಿನಲ್ಲಿ ಇಂಥದ್ದರ ಅಂಕಿ ಒತ್ತು ಎನ್ನುವುದು. ಕಣ್ಣು ಪರಿಚಿತ ಕಾಗದದ ಮೇಲೆ, ಕಿವಿ ದನಿಯ ಕಡೆ. ಚಿಕ್ಕ ಪರದೆಯಲ್ಲಿ ಓದುವ ಕಷ್ಟವಿಲ್ಲ. ಇದು ಒಳ್ಳೆಯದೇ. ನಾವು ಹೇಳಿದ ಸಂಖ್ಯೆಯನ್ನೇ ನಮಗೆ ತಿರುಗಿ ಕೇಳಿಸುವ, ನಡುವೆ ಸೊನ್ನೆ ನುಂಗದ ಗುಮಾಸ್ತ ಬಡವರಿಗೆ ಸಿಕ್ಕಿದ್ದು ಎಂದು?

ಮುಂಡರಗಿಯ ಕಡೆ ಹೊಲದಲ್ಲಿ ಕಂಡದ್ದು ಇದಕ್ಕೆ ಸೇರುತ್ತದೋ ಇಲ್ಲವೋ, ಹೇಳಿಬಿಡುತ್ತೇನೆ. 2020ರಿಂದ ಸರ್ಕಾರದ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ರೈತರೇ ತಮ್ಮ ಬೆಳೆ ದಾಖಲಿಸಬಹುದು. ಆಗದವರಿಗೆ ಊರಿನ ಓದಿದ ಹುಡುಗರು ಮಾಡಿಕೊಡುತ್ತಾರೆ. ಹೊಲದೊಳಗೇ ನಿಂತು ಫೋಟೋ ಹೊಡೆಯಬೇಕು. ಗೆಳೆಯನ ಹೊಲ ನೋಡಲು ಹೋಗಿದ್ದ ನಾನು ಬದುವಿನ ಮೇಲೆ ಕೂತಿದ್ದೆ. ದೂರದಲ್ಲಿ ಕಪ್ಪತಗುಡ್ಡ, ಕಾಲ ಬುಡದಲ್ಲಿ ಎರೆಮಣ್ಣು, ಪಕ್ಕದ ಹೊಲದಲ್ಲಿ ಒಬ್ಬ ಅಜ್ಜ, ಒಬ್ಬ ಹುಡುಗ. ಆ್ಯಪು ಮಾತಾಡದ ಕಾರಣ ಹುಡುಗನೇ ಅದರ ದನಿಯಾಗಿದ್ದ.

‘ಅಜ್ಜಾ, ಬೆಳಿ ಹೆಸರು?’

‘ಹೆಸರು.’

‘ಅದs, ಹೆಸರು ಹೇಳು.’

‘ಹೆಸರಪಾ! ಕಣ್ಣ ಮುಂದ ಕಾಯಿ ಬಿಟ್ಟೈತಿ, ಕಾಣವಲ್ದೇನು?’

ಹುಡುಗ ಒತ್ತಿದ. ‘ಖುಷ್ಕಿನೋ, ನೀರಾವರಿನೋ?’

‘ಮಳಿ ಆತಂದ್ರ ನೀರಾವರಿ, ಆಗಲಿಲ್ಲಂದ್ರ ಖುಷ್ಕಿ.’

ಅಲ್ಲಿಂದ ಅಜ್ಜನ ಮಾತು ತನ್ನ ದಾರಿ ಹಿಡಿಯಿತು. ಸರ್ವೆ ನಂಬರು ಏನೇ ಇರಲಿ, ಇದು ಅವ್ವನ ಹೊಲ. ತವರಿನವರು ಕೊಟ್ಟದ್ದು. ಆ ಬನ್ನಿಗಿಡದ ಬುಡದಲ್ಲಿ ಮಣ್ಣು ಮಾಡಿದ್ದು ತನ್ನ ಎಡಗಡೆಯ ಎತ್ತನ್ನು. ಅದರ ಜೋಡಿಯನ್ನು ಮಾರಲು ಮನಸ್ಸು ಬರದೆ ಸುಮ್ಮನೆ ಕಟ್ಟಿ ಮೇಯಿಸಿದ್ದು ಇಷ್ಟು ವರ್ಷ. ಒಂದು ಸಲ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಕಾಯೊಳಗಿನ ಕಾಳು ಗಿಡದಲ್ಲೇ ಮೊಳೆತದ್ದು, ಅದನ್ನೂ ರಾಶಿ ಮಾಡಿ ಮೊದಲ ಸೇರಿಗೆ ರೂಢಿಯಂತೆ ‘ಲಾಭ’ ಎಂದು ಎಣಿಸಿದ್ದು. ಹುಡುಗ ಫೋನು ಕೆಳಗಿಳಿಸಿ ಕೇಳುತ್ತಿದ್ದ. ಪರದೆ ಕಪ್ಪಾಯಿತು. ಅವನು ಅದನ್ನು ಬೆಳಗಿಸಲು ಹೋಗಲಿಲ್ಲ.

ಮಾತು ನಿಂತ ಮೇಲೆ ಫೋಟೋ ಹೊಡೆದು, ಎಲ್ಲ ಒತ್ತಿ ಮುಗಿಸಿದ.

‘ಏನ್ ಬರದಿ? ಓದಿ ಹೇಳು’ ಎಂದ ಅಜ್ಜ.

‘ಹೆಸರು. ಖುಷ್ಕಿ.’

‘ಮತ್ತ ನಾ ಹೇಳಿದ್ದೆಲ್ಲಾ?’

‘ಅದಕ್ಕ ಇದರಾಗ ಜಾಗಾ ಇಲ್ಲಜ್ಜಾ.’

‘ಹಂಗಾರ ನೀನs ನೆನಪಿಟ್ಟುಕೋ’ ಎಂದು ಅಜ್ಜ ತಲೆಗೆ ರುಮಾಲು ಸುತ್ತಿಕೊಂಡ. ಹುಡುಗ ಹೂಂ ಎಂದ. ಆಮೇಲೆ ಮುಂದಿನ ಸರ್ವೆ ನಂಬರು ಯಾವುದೆಂದು ಕೇಳಿದ.