ಬಣ್ಣದ ಕಥೆ – 4: ಮೂರು ವರ್ಷ ಮಣ್ಣೊಳಗೆ

ಫೋಟೋದಲ್ಲಿ ಒಣಗಿದ ಕಡ್ಡಿ ಥರ ಕಾಣ್ತಿರೋದು ಮಂಜಿಷ್ಠ, ಗ್ರಂದಿಗೆ ಅಂಗಡಿಯಿಂದ ತಂದಿದ್ದು. ಇವತ್ತಿನ ಕಥೆ ಇದರ ದಾಯಾದಿಯದ್ದು: ಮೆಡಿಟರೇನಿಯನ್ ಕಡೆಯ ಮ್ಯಾಡರ್. ಎರಡೂ ಕಾಫಿ ಗಿಡದ ಕುಟುಂಬದವೇ (ಚಿಕ್ಕಮಗಳೂರಿನವರು ಕಾಲರ್ ಎತ್ಕೊಳ್ಳಿ).

ಮೇಲಿಂದ ನೋಡಿದ್ರೆ ಮ್ಯಾಡರ್ ಬರೀ ಕಳೆ ಅನ್ಸುತ್ತೆ. ಪುಟ್ಟ ಹಳದಿ ಹೂ, ಮೈಗೆ ತರಚೋ ಒರಟು ಎಲೆ. ಕೆಂಪು ಇರೋದು ಬೇರಲ್ಲಿ. ಅಗೆದು, ಒಣಗಿಸಿ, ಪುಡಿ ಮಾಡಬೇಕು. ಬಟ್ಟೆಗೆ ಮೊದಲು ಪಟಿಕ ಕುಡಿಸಿದ್ರೆ ಕೆಂಪು ಹಿಡಿಯುತ್ತೆ, ಕಬ್ಬಿಣದ ನೀರು ಕುಡಿಸಿದ್ರೆ ನೇರಳೆ. ಇದನ್ನ ತಿಂದ ಪ್ರಾಣಿಗಳ ಮೂಳೆ ಕೂಡ ಕೆಂಪಾಗುತ್ತೆ! 1736ರಲ್ಲಿ ಬೆಲ್ಚಿಯರ್ ಅನ್ನೋ ಲಂಡನ್ನಿನ ಸರ್ಜನ್ ಇದನ್ನ ಬರೆದಿಟ್ಟ. ಮೂಳೆ ಹೇಗೆ ಬೆಳೆಯುತ್ತೆ ಅಂತ ತಿಳಿಯೋಕೆ ಆಮೇಲಿನವರು ಈ ಬೇರನ್ನೇ ಬಳಸಿದ್ರು.

ಆದ್ರೆ ಬೇರು ಬಲಿಯೋಕೆ ಸುಮಾರು 3 ವರ್ಷ ಬೇಕು. ನಮ್ಮ ಡಿಗ್ರಿಯಷ್ಟು! ದಕ್ಷಿಣ ಫ್ರಾನ್ಸಿನ ಅವಿನ್ಯೋ ಸುತ್ತ 18ನೇ ಶತಮಾನದಲ್ಲಿ ಈ ಬೆಳೆ ತಂದವನು ಪರ್ಷಿಯಾ ಕಡೆಯ ಆರ್ಮೇನಿಯನ್, ಆಲ್ತೆನ್. ಅಲ್ಲಿ ಅವನ ಹೆಸರಿನ ಊರೇ ಇದೆ. 1829ರಿಂದ ಫ್ರೆಂಚ್ ಸೈನಿಕರಿಗೆ ಕೆಂಪು ಪ್ಯಾಂಟ್ ಬಂತು. ರೈತರಿಗೆ ಕಾಯಂ ಗಿರಾಕಿ.

1868ರಲ್ಲಿ ಬರ್ಲಿನ್ನಿನ ಗ್ರೇಬೆ ಮತ್ತು ಲೀಬರ್‌ಮನ್, ಕಲ್ಲಿದ್ದಲಿನ ಡಾಂಬರಲ್ಲಿ ಸಿಗೋ ಆಂತ್ರಸೀನ್‌ನಿಂದ ಅದೇ ಕೆಂಪು, ಅಲಿಜರಿನ್, ಮಾಡಿಬಿಟ್ರು. ಮರುವರ್ಷ ಲಂಡನ್ನಲ್ಲಿ ಪೇಟೆಂಟ್ ಅರ್ಜಿ: ಜರ್ಮನ್ನರದ್ದು ಜೂನ್ 25, ಪರ್ಕಿನ್‌ದು ಜೂನ್ 26. ಆರ್ಗ್ಯಾನಿಕ್ ಕ್ಲಾಸಲ್ಲಿ ಕಥೆ ಇಲ್ಲಿಗೇ ಮುಗಿಯಿತು, ಎಲ್ಲರೂ ಪರ್ಕಿನ್‌ಗೋಸ್ಕರ "ಅಯ್ಯೋ" ಅಂದ್ವಿ. ನನ್ನ ತಲೆ ಹೋಗಿದ್ದು 1868ರಲ್ಲಿ ಮ್ಯಾಡರ್ ನಾಟಿ ಮಾಡಿದವನ ಕಡೆ. ಅವನು ಬೇರು ಅಗೆಯೋ ಹೊತ್ತಿಗೆ ಫ್ಯಾಕ್ಟರಿ ಬಣ್ಣ ಮಾರ್ಕೆಟ್ಟಿಗೆ ಬಂದಾಗಿತ್ತು. ಮುಂದಿನ ಹತ್ತು ಹದಿನೈದು ವರ್ಷದಲ್ಲಿ ಬೆಳೆಯೇ ಹೆಚ್ಚುಕಡಿಮೆ ಮಾಯ. ಸೈನಿಕರ ಪ್ಯಾಂಟಿಗೂ ಕೊನೆಗೆ ಜರ್ಮನಿ ಬಣ್ಣವೇ.

ಈ ಮಳೆಗಾಲ ನಮ್ಮಪ್ಪ ಎರಡು ಎಕರೆ ರಾಗಿ ಹೊಲಕ್ಕೆ ಅಡಿಕೆ ಸಸಿ ಇಡೋಕೆ ಹೊರಟಿದಾರೆ. ಫಲಕ್ಕೆ ಐದಾರು ವರ್ಷ. ಫೋನಲ್ಲಿ ಈ ಕಥೆ ಹೇಳಿದೆ.

"ಆಮೇಲೆ ಅವ್ರು ಹೊಲಕ್ಕೆ ಏನ್ ಹಾಕಿದ್ರಂತೆ?"

ದ್ರಾಕ್ಷಿ ಹಾಕೋಣ ಅಂದ್ರೆ ಅದೇ ಕಾಲಕ್ಕೆ ಅದರ ಬೇರಿನ ರಸ ಹೀರೋ ಫಿಲಾಕ್ಸೆರಾ ಹುಳ ಆ ಕಡೆಯೆಲ್ಲ ಹಬ್ಬಿತ್ತಪ್ಪ, ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾದ್ರೆ ಒಂದೆಕ್ರೆ ರಾಗಿಗೇ ಇರ್ಲಿ ಬಿಡು."